ಕೆಂಪು ದೀಪಕ್ಕೂ ಮೊದಲಿನ ಗದ್ದಲ

ಕಲಬುರಗಿಯ ಮೋಮಿನಪುರದಂಥ ಬಡಾವಣೆಯಲ್ಲಿ ಇಂಟರ್‌ನೆಟ್ ಕೈಕೊಟ್ಟಿತೆಂದರೆ ಮೊದಲು ಕಣ್ಣಿಗೆ ಬೀಳುವುದು ಗೋಡೆಯ ಮೇಲಿನ ಬಿಳಿ ಡಬ್ಬಿಯಲ್ಲಿ ಮಿನುಗುವ ಕೆಂಪು ದೀಪ. ಫೋನ್ ಮಾಡಿದರೆ ಕೇಬಲ್ ಹುಡುಗ ಬರುತ್ತಾನೆ. ಡಬ್ಬಿಗೆ ಸಿಕ್ಕಿಸಿದ ಹಸಿರು ಕನೆಕ್ಟರ್ ಬಿಚ್ಚಿ, ಕೈಯಲ್ಲಿರುವ ಪವರ್ ಮೀಟರಿಗೆ ಜೋಡಿಸಿ, ಅಂಕಿ ನೋಡಿ ತಲೆ ಅಲ್ಲಾಡಿಸುತ್ತಾನೆ.

“ಚಾಚಾ, ಮೈನಸ್ ಇಪ್ಪತ್ತೊಂಬತ್ತು ತೋರಸಲತ್ತದ. ಇಪ್ಪತ್ತೇಳರ ಒಳಗ ಬರಬೇಕು.”

“ಬ್ಯಾಸಗಿ ಬಿಸಲಿಗಿ ಡಬ್ಬಿ ಕೆಟ್ಟದೇನಪ್ಪ?”

ಊರಿನ ಯಾವ ಓಣಿಯಲ್ಲಾದರೂ ಕೇಳಿಬರಬಹುದಾದ ಮಾತು ಇದು. ಆದರೆ ಮೈನಸ್ ಇಪ್ಪತ್ತೇಳು ಎಂಬ ಗೆರೆ ಎಲ್ಲಿಂದ ಬಂತು? ಮೈನಸ್ 20ರಲ್ಲೂ 25ರಲ್ಲೂ ಒಂದೇ ವೇಗದಲ್ಲಿ ಸಿನಿಮಾ ತೋರಿಸಿದ ಡಬ್ಬಿ, 29ಕ್ಕೆ ಬಂದ ಕೂಡಲೇ ಏಕೆ ಕೈಚೆಲ್ಲುತ್ತದೆ? ಬೆಳಕು ಪೂರ್ತಿ ನಿಂತಿಲ್ಲ, ಮೀಟರಿಗೆ ಅದು ಸ್ಪಷ್ಟವಾಗಿಯೇ ಕಾಣುತ್ತಿದೆ. ಉತ್ತರ ಇರುವುದು ಡಬ್ಬಿಯೊಳಗಿನ ಮೊದಲ ಬಿಡಿಭಾಗದಲ್ಲಿ. ಬೆಳಕಿನಿಂದ ಹುಟ್ಟಿದ ಸಣ್ಣ ಕರೆಂಟನ್ನು ವೋಲ್ಟೇಜಾಗಿ ಹಿಗ್ಗಿಸುವ ಆ ಸರ್ಕ್ಯೂಟಿನ ಹೆಸರು ಟ್ರಾನ್ಸ್‌ಇಂಪಿಡೆನ್ಸ್ ಆಂಪ್ಲಿಫೈಯರ್. ಇಂಜಿನಿಯರುಗಳ ಬಾಯಲ್ಲಿ ಟಿಐಎ. ಅದು ಕೇಳಿಸಿಕೊಳ್ಳುವ ಕೆಲಸದ ಜೊತೆಗೆ ತಾನೂ ಒಂದಿಷ್ಟು ಗದ್ದಲ ಎಬ್ಬಿಸುತ್ತದೆ. ಕೆಂಪು ದೀಪ ಯಾವಾಗ ಹೊತ್ತಬೇಕೆಂದು ತೀರ್ಮಾನಿಸುವುದು ಬಹುಮಟ್ಟಿಗೆ ಆ ಗದ್ದಲವೇ.

ಆರು ಸಾವಿರ ಫೋಟಾನ್

ಮೀಟರ್ ತೋರಿಸುವ ಅಂಕಿ ಡಿಬಿಎಂ ಲೆಕ್ಕದ್ದು. ಸೊನ್ನೆ ಡಿಬಿಎಂ ಎಂದರೆ 1 ಮಿಲಿವ್ಯಾಟ್ ಬೆಳಕು. ಅಲ್ಲಿಂದ ಹತ್ತು ಡಿಬಿ ಇಳಿದರೆ ಬೆಳಕು ಹತ್ತನೇ ಒಂದು ಪಾಲಾಗುತ್ತದೆ, ಮೂರು ಇಳಿದರೆ ಹೆಚ್ಚುಕಡಿಮೆ ಅರ್ಧ. ಈ ಪ್ರಕಾರ ಮೈನಸ್ 27 ಎಂದರೆ 2 ಮೈಕ್ರೊವ್ಯಾಟ್.

ಮನೆಗಳಿಗೆ ಬರುವ ಫೈಬರ್ ಸಂಪರ್ಕಗಳಲ್ಲಿ ಹೆಚ್ಚಿನವು ಜಿಪಾನ್ ಎಂಬ ಅಂತರರಾಷ್ಟ್ರೀಯ ಮಾನದಂಡದವು. ಕಂಪನಿಯ ಕಡೆಯ ಯಂತ್ರ 1490 ನ್ಯಾನೊಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಬೆಳಕನ್ನು ಸುಮಾರು 2 ಮಿಲಿವ್ಯಾಟ್‌ನಷ್ಟು, ಅಂದರೆ ಪ್ಲಸ್ 3 ಡಿಬಿಎಂನಷ್ಟು ಬಲದಲ್ಲಿ ಕಳಿಸುತ್ತದೆ ಎನ್ನೋಣ. ದಾರಿಯಲ್ಲಿ ಸ್ಪ್ಲಿಟರ್ ಎಂಬ ಕವಲು ಡಬ್ಬಿ ಇರುತ್ತದೆ. ಒಂದು ಎಳೆಯ ಬೆಳಕನ್ನು 32 ಮನೆಗಳಿಗೆ ಹಂಚುವ ಸ್ಪ್ಲಿಟರಿನಲ್ಲಿ ಸುಮಾರು 17 ಡಿಬಿ ಕಳೆಯುತ್ತದೆ. ಫೈಬರಿನ ಪ್ರತಿ ಕಿಲೋಮೀಟರಿಗೆ ಕಾಲು ಡಿಬಿ, ಬೆಸುಗೆ ಮತ್ತು ಕನೆಕ್ಟರುಗಳಿಗೆ ಎಲ್ಲ ಸೇರಿ ಮೂರು ಡಿಬಿ. ಊರೊಳಗೆ ಐದು ಕಿಲೋಮೀಟರ್ ದೂರದ ಮನೆಗೆ ಇಷ್ಟೆಲ್ಲ ಕಳೆದು ಮೈನಸ್ 18ರ ಆಸುಪಾಸು ಬೆಳಕು ಮುಟ್ಟಬೇಕು. ಅದು ನೆಮ್ಮದಿಯ ಅಂಕಿ.

ಇದೇ ಎಳೆಯನ್ನು ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದವರೆಗೆ, ಅಂದರೆ ಸುಮಾರು 35 ಕಿಲೋಮೀಟರ್ ಎಳೆದರೆ, ಫೈಬರೊಂದೇ ಒಂಬತ್ತು ಡಿಬಿಯಷ್ಟು ತಿನ್ನುತ್ತದೆ. ಅಂಕಿ ಮೈನಸ್ 26ಕ್ಕೆ ಬಂದು ನಿಲ್ಲುತ್ತದೆ. ಒಂದು ಕನೆಕ್ಟರ್ ಕೊಳೆಯಾದರೂ ಕತೆ ಮುಗಿಯಿತು. ಜಿಪಾನ್ ಜಾಲಗಳನ್ನು ಸಾಮಾನ್ಯವಾಗಿ 20 ಕಿಲೋಮೀಟರಿನೊಳಗೆ ಕಟ್ಟುವುದಕ್ಕೆ, ದೂರದ ಊರಿಗೆ ಬೇರೆ ಯಂತ್ರವನ್ನೇ ಇಡುವುದಕ್ಕೆ ಇದೂ ಒಂದು ಕಾರಣ. ಗ್ರಾಮ ಪಂಚಾಯಿತಿಗಳನ್ನು ಫೈಬರಿನಿಂದ ಬೆಸೆಯಲು 2011ರಲ್ಲಿ ಕೇಂದ್ರ ಸಂಪುಟ ಒಪ್ಪಿ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯಲ್ಲೂ ಇದೇ ಜಿಪಾನ್ ತಂತ್ರ ಬಳಕೆಯಾಗಿದೆ. ಸಿ-ಡಾಟ್ ಸಂಸ್ಥೆ ಅದರ ಉಪಕರಣಗಳನ್ನು ನಮ್ಮ ದೇಶದಲ್ಲೇ ರೂಪಿಸಿತು. ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಕೂಡ ಯೋಜನೆಗೆ ಉಪಕರಣ ಪೂರೈಸಿತು.

ಮತ್ತೆ ಆ 2 ಮೈಕ್ರೊವ್ಯಾಟ್‌ಗೆ ಬರೋಣ. ಅದು ಸೆಕೆಂಡಿಗೆ ಸುಮಾರು 15 ಲಕ್ಷ ಕೋಟಿ ಫೋಟಾನ್. ದೊಡ್ಡ ಸಂಖ್ಯೆಯೇ. ಆದರೆ ಜಿಪಾನ್ ಸೆಕೆಂಡಿಗೆ 248.8 ಕೋಟಿ ಬಿಟ್ ಕಳಿಸುತ್ತದೆ. ಭಾಗಿಸಿ ನೋಡಿದರೆ ಒಂದೊಂದು ಬಿಟ್ಟಿನ ಪಾಲಿಗೆ ಬರುವುದು ಸರಾಸರಿ ಆರು ಸಾವಿರ ಫೋಟಾನ್ ಮಾತ್ರ. ಒಂದು ಬಿಟ್ಟಿನ ಆಯಸ್ಸು 0.4 ನ್ಯಾನೊಸೆಕೆಂಡ್. ಅಷ್ಟರೊಳಗೆ ಬಂದದ್ದು ಒಂದೋ ಸೊನ್ನೆಯೋ ಎಂದು ಡಬ್ಬಿ ತೀರ್ಪು ಕೊಡಬೇಕು.

ದನಿ ಏರಿಸಿದರೆ ಸಾಲದು

ಫೈಬರಿನ ತುದಿಯಲ್ಲಿ ಫೋಟೋಡಯೋಡ್ ಇರುತ್ತದೆ. ಇಂಡಿಯಂ, ಗ್ಯಾಲಿಯಂ, ಆರ್ಸೆನಿಕ್ ಕೂಡಿದ ಸಣ್ಣ ಹರಳು. ಬಿದ್ದ ಫೋಟಾನುಗಳಲ್ಲಿ ಹೆಚ್ಚಿನವು ತಲಾ ಒಂದು ಎಲೆಕ್ಟ್ರಾನನ್ನು ಎಬ್ಬಿಸುತ್ತವೆ. 2 ಮೈಕ್ರೊವ್ಯಾಟ್ ಬೆಳಕಿಗೆ ಸಿಗುವ ಕರೆಂಟು ಸುಮಾರು 1.8 ಮೈಕ್ರೊಆಂಪಿಯರ್. ಸೊನ್ನೆ ಮತ್ತು ಒಂದರ ನಡುವಿನ ಏರಿಳಿತ 3 ಮೈಕ್ರೊಆಂಪಿಯರಿನಷ್ಟು. ಇದನ್ನು ವೋಲ್ಟೇಜಾಗಿ ಪರಿವರ್ತಿಸಿ ಮುಂದೆ ದಾಟಿಸುವುದು ಟಿಐಎಯ ಕೆಲಸ.

ಸಿಗ್ನಲ್ ಸಣ್ಣದಾದರೆ ಇನ್ನಷ್ಟು ಹಿಗ್ಗಿಸಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಶರಣಬಸವೇಶ್ವರ ಜಾತ್ರೆಯ ಗದ್ದಲದ ನಡುವೆ ಮೈಕ್ ಹಿಡಿದು ಒಬ್ಬರು ಮೆಲ್ಲಗೆ ಮಾತಾಡುತ್ತಿದ್ದಾರೆ ಎಂದುಕೊಳ್ಳಿ. ಸ್ಪೀಕರಿನ ವಾಲ್ಯೂಮ್ ತಿರುಗಿಸಿದರೆ ಅವರ ಮಾತಿನ ಜೊತೆ ಮೈಕಿಗೆ ಬಿದ್ದ ಜನರ ಸದ್ದೂ ಅಷ್ಟೇ ಏರುತ್ತದೆ. ಆಂಪ್ಲಿಫೈಯರಿನ ಮೊದಲ ಹಂತದಲ್ಲಿ ಸಿಗ್ನಲ್ಲಿಗೆ ಬೆರೆತ ಗದ್ದಲವನ್ನು ಮುಂದಿನ ಯಾವ ಹಂತವೂ ಬೇರ್ಪಡಿಸಿ ಕೊಡಲಾರದು.

ಅದಕ್ಕೇ ಇಂಜಿನಿಯರುಗಳು ಟಿಐಎಯನ್ನು ಅಳೆಯುವಾಗ ಹೊರಗೆ ಬರುವ ಗದ್ದಲದ ವೋಲ್ಟೇಜನ್ನು ಅದರ ಹಿಗ್ಗುವಿಕೆಯಿಂದ ಭಾಗಿಸುತ್ತಾರೆ. ಗದ್ದಲವೆಲ್ಲ ಬಾಗಿಲಲ್ಲೇ, ಸಿಗ್ನಲ್ಲಿನ ಜೊತೆಗೇ ಒಳಬಂದಿದ್ದರೆ ಅದು ಎಷ್ಟು ಕರೆಂಟಾಗಿರುತ್ತಿತ್ತು ಎಂಬ ಲೆಕ್ಕ ಅದು. ಇನ್‌ಪುಟ್ ನಾಯ್ಸ್ ಎನ್ನುವುದು ಇದಕ್ಕೇ. ಆಗ 3 ಮೈಕ್ರೊಆಂಪಿಯರ್ ಸಿಗ್ನಲ್ಲಿಗೆ ಎದುರಾಗಿ ಇಷ್ಟು ನ್ಯಾನೊಆಂಪಿಯರ್ ಗದ್ದಲ ಎಂದು ನೇರವಾಗಿ ತೂಗಬಹುದು. ಹಿಗ್ಗುವಿಕೆಯ ಪ್ರಮಾಣ ಲೆಕ್ಕದಿಂದಲೇ ಹೊರಗೆ ಹೋಗುತ್ತದೆ.

ಗದ್ದಲದ ಮೂರು ಮೂಲ

ಮೊದಲನೆಯದು ಬೆಳಕಿನದೇ. ಫೋಟಾನುಗಳು ಸಾಲಾಗಿ, ಸಮ ಅಂತರದಲ್ಲಿ ಬರುವುದಿಲ್ಲ. ಒಂದು ಬಿಟ್ಟಿಗೆ ತುಸು ಹೆಚ್ಚು, ಇನ್ನೊಂದಕ್ಕೆ ತುಸು ಕಡಿಮೆ. ಕರೆಂಟು ಬಿಡಿ ಬಿಡಿ ಎಲೆಕ್ಟ್ರಾನುಗಳದ್ದಾದ್ದರಿಂದ ಈ ಏರುಪೇರು ತಪ್ಪದು ಎಂದು ಜರ್ಮನಿಯ ವಾಲ್ಟರ್ ಶಾಟ್ಕಿ 1918ರಲ್ಲೇ ತೋರಿಸಿದ್ದರು. ಶಾಟ್ ನಾಯ್ಸ್ ಎನ್ನುವ ಇದು ನಮ್ಮ ಲೆಕ್ಕದಲ್ಲಿ ಸುಮಾರು 32 ನ್ಯಾನೊಆಂಪಿಯರ್. ಇದನ್ನು ಯಾವ ಸರ್ಕ್ಯೂಟೂ ತಗ್ಗಿಸಲಾರದು, ಪ್ರಕೃತಿ ಹಾಕಿದ ಗೆರೆ ಅದು.

ಎರಡನೆಯದು ಕರೆಂಟನ್ನು ವೋಲ್ಟೇಜಾಗಿಸುವ ರೆಸಿಸ್ಟರಿನದು. ಯಾವುದೇ ವಾಹಕದೊಳಗೆ ಎಲೆಕ್ಟ್ರಾನುಗಳು ಶಾಖದಿಂದ ಅತ್ತಿತ್ತ ನುಗ್ಗುತ್ತಲೇ ಇರುತ್ತವೆ. ಬ್ಯಾಟರಿ ಜೋಡಿಸದೆ ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ರೆಸಿಸ್ಟರಿನ ಎರಡು ತುದಿಗಳ ನಡುವೆಯೂ ಸಣ್ಣ ವೋಲ್ಟೇಜು ಕುಣಿಯುತ್ತಿರುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಬಿ. ಜಾನ್ಸನ್ ಇದನ್ನು ಅಳೆದರು, ಹ್ಯಾರಿ ನೈಕ್ವಿಸ್ಟ್ ಅದರ ಸೂತ್ರ ಕಟ್ಟಿದರು. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಈ ಇಬ್ಬರ ಪ್ರಬಂಧಗಳೂ 1928ರಲ್ಲಿ ಪ್ರಕಟವಾದವು.

ಆ ಸೂತ್ರದಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಗದ್ದಲದ ಕರೆಂಟು ರೆಸಿಸ್ಟೆನ್ಸ್ ಹೆಚ್ಚಿದಷ್ಟೂ ಕಡಿಮೆಯಾಗುತ್ತದೆ, ನೂರು ಪಟ್ಟು ದೊಡ್ಡ ರೆಸಿಸ್ಟರಿಗೆ ಹತ್ತನೇ ಒಂದರಷ್ಟು. ಎರಡು, ಎಷ್ಟು ಅಗಲದ ಆವರ್ತನ ಪಟ್ಟಿಯನ್ನು ಕೇಳುತ್ತೇವೋ ಅದರ ವರ್ಗಮೂಲದಷ್ಟು ಗದ್ದಲ ಏರುತ್ತದೆ. ಟಿಐಎಯ ಡೇಟಾಶೀಟಿನಲ್ಲಿ ‘ಪ್ರತಿ ರೂಟ್ ಹರ್ಟ್ಸ್‌ಗೆ ಇಷ್ಟು ಪಿಕೊಆಂಪಿಯರ್’ ಎಂಬ ವಿಚಿತ್ರ ಮಾನ ಇರುವುದು ಇದಕ್ಕೇ. 248.8 ಕೋಟಿ ಬಿಟ್ ಓದಲು ಸುಮಾರು 175 ಕೋಟಿ ಹರ್ಟ್ಸ್ ಅಗಲ ಬೇಕು. 50 ಓಮಿನ ರೆಸಿಸ್ಟರ್ ಹಾಕಿದರೆ ಅಷ್ಟು ಅಗಲದಲ್ಲಿ 760 ನ್ಯಾನೊಆಂಪಿಯರ್ ಗದ್ದಲ. 5000 ಓಮ್ ಆದರೆ ಬರೀ 76.

ಹಾಗಾದರೆ 5000 ಓಮನ್ನೇ ಹಾಕಬಹುದಲ್ಲ? ತೊಡಕು ವೇಗದ್ದು. ಫೋಟೋಡಯೋಡಿಗೂ ಟ್ರಾನ್ಸಿಸ್ಟರಿಗೂ ಒಂದಿಷ್ಟು ಕೆಪ್ಯಾಸಿಟನ್ಸ್ ಇದ್ದೇ ಇರುತ್ತದೆ, ಎರಡೂ ಸೇರಿ ಅರ್ಧ ಪಿಕೊಫ್ಯಾರಡ್ ಎನ್ನೋಣ. ಪಿಕೊ ಎಂದರೆ ಲಕ್ಷ ಕೋಟಿಯಲ್ಲಿ ಒಂದು ಪಾಲು. ಇಷ್ಟು ಕಿರಿದಾದರೂ 5000 ಓಮಿನ ಮೂಲಕ ಅದು ತುಂಬಿ ಬರಿದಾಗಲು ಹೊತ್ತು ಹಿಡಿಯುತ್ತದೆ. ವೇಗ 6.4 ಕೋಟಿ ಹರ್ಟ್ಸ್‌ಗೇ ಮುಗಿದುಹೋಗುತ್ತದೆ.

ಟಿಐಎಯ ಜಾಣ್ಮೆ ಇಲ್ಲಿದೆ. ರೆಸಿಸ್ಟರನ್ನು ನೆಲಕ್ಕೆ ಕಟ್ಟದೆ, ಆಂಪ್ಲಿಫೈಯರಿನ ಹೊರಬಾಗಿಲಿನಿಂದ ಒಳಬಾಗಿಲಿಗೆ ಹಿಂದಕ್ಕೆ ಕಟ್ಟುತ್ತಾರೆ. ಒಳಬಾಗಿಲಲ್ಲಿ ವೋಲ್ಟೇಜು ಕದಲಿತೆಂದರೆ ಹೊರಬಾಗಿಲು ಅದರ ಹತ್ತಾರು ಪಟ್ಟು ವಿರುದ್ಧ ದಿಕ್ಕಿಗೆ ಓಡಿ ಅದನ್ನು ಹಿಂದಕ್ಕೆ ಎಳೆಯುತ್ತದೆ. ಫೋಟೋಡಯೋಡಿನ ಪಾಲಿಗೆ ಎದುರಿಗಿರುವುದು ಸಣ್ಣ ರೆಸಿಸ್ಟೆನ್ಸ್, ಹಾಗಾಗಿ ವೇಗ ಸಿಗುತ್ತದೆ. ಗದ್ದಲ ಮಾತ್ರ 5000 ಓಮಿನದ್ದೇ, ಹಾಗಾಗಿ ಕಡಿಮೆ. ಸಣ್ಣದರ ಚುರುಕು, ದೊಡ್ಡದರ ಮೌನ ಎರಡೂ ದಕ್ಕುತ್ತವೆ.

ಪುಕ್ಕಟೆ ಏನೂ ದಕ್ಕುವುದಿಲ್ಲ. ಮೂರನೆಯ ಗದ್ದಲ ಬರುವುದು ಇಲ್ಲಿಂದಲೇ. ಆಂಪ್ಲಿಫೈಯರಿನ ಮೊದಲ ಟ್ರಾನ್ಸಿಸ್ಟರಿಗೆ ತನ್ನದೇ ಗದ್ದಲದ ವೋಲ್ಟೇಜು ಇರುತ್ತದೆ. ಒಳಬಾಗಿಲಿನ ಕೆಪ್ಯಾಸಿಟನ್ಸ್ ಮೇಲೆ ಅದು ಕೂತಾಗ ಕರೆಂಟಾಗಿ ಬದಲಾಗುತ್ತದೆ. ಕೆಪ್ಯಾಸಿಟನ್ಸ್ ಮೂಲಕ ಹರಿಯುವ ಕರೆಂಟು ಆವರ್ತನ ಏರಿದಷ್ಟೂ ಏರುತ್ತದೆ. ಕೆಳಗಿನ ಆವರ್ತನಗಳಲ್ಲಿ ಈ ಗದ್ದಲ ಲೆಕ್ಕಕ್ಕೇ ಬಾರದು, ಮೇಲಿನವುಗಳಲ್ಲಿ ಅದರದೇ ಆರ್ಭಟ. ಡೇಟಾಶೀಟಿನಲ್ಲಿ ಕೆಳ ಆವರ್ತನದ ಒಂದು ಸುಂದರ ಅಂಕಿ ಕಂಡು ಟಿಐಎ ಆರಿಸಿದವರು ಮೋಸ ಹೋಗುವುದು ಇಲ್ಲೇ. ಪೂರ್ತಿ ಪಟ್ಟಿಯ ಮೊತ್ತ ಎಷ್ಟು, ಎಷ್ಟು ಕೆಪ್ಯಾಸಿಟನ್ಸ್ ಇಟ್ಟು ಅಳೆದದ್ದು ಎಂದು ಕೇಳದೆ ಎರಡು ಚಿಪ್ಪುಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ಅರ್ಧ ಪಿಕೊಫ್ಯಾರಡಿನ ಬೆಲೆ

ಲೆಕ್ಕ ಹಾಕಿ ನೋಡೋಣ. ಟ್ರಾನ್ಸಿಸ್ಟರಿನ ಗದ್ದಲ ಪ್ರತಿ ರೂಟ್ ಹರ್ಟ್ಸ್‌ಗೆ 1 ನ್ಯಾನೊವೋಲ್ಟ್, ಕೆಪ್ಯಾಸಿಟನ್ಸ್ ಅರ್ಧ ಪಿಕೊಫ್ಯಾರಡ್ ಎಂದಿಟ್ಟರೆ ಮೂರನೆಯ ಗದ್ದಲ ಸುಮಾರು 133 ನ್ಯಾನೊಆಂಪಿಯರ್. ಗದ್ದಲಗಳನ್ನು ನೇರವಾಗಿ ಕೂಡುವುದಿಲ್ಲ, ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯುತ್ತಾರೆ. ರೆಸಿಸ್ಟರಿನ 76 ಸೇರಿದರೆ ಆಂಪ್ಲಿಫೈಯರಿನ ಒಟ್ಟು ಗದ್ದಲ 153. ಜಿಪಾನ್ ಮಾನದಂಡ ಸಾವಿರ ಕೋಟಿ ಬಿಟ್ಟಿಗೆ ಒಂದೇ ತಪ್ಪು ಎನ್ನುತ್ತದೆ. ಅದಕ್ಕೆ ಸಿಗ್ನಲ್ಲಿನ ಏರಿಳಿತ ಗದ್ದಲದ 12.7 ಪಟ್ಟು ಇರಬೇಕು, ಅಂದರೆ ಸುಮಾರು 1.9 ಮೈಕ್ರೊಆಂಪಿಯರ್. ನಮ್ಮ ಕೈಯಲ್ಲಿ 3 ಇದೆ. ಪಾಸ್.

ಈಗ ಕೆಪ್ಯಾಸಿಟನ್ಸ್ ಮಾತ್ರ ಇನ್ನರ್ಧ ಪಿಕೊಫ್ಯಾರಡ್ ಹೆಚ್ಚಿಸಿ. ಒಟ್ಟು ಗದ್ದಲ 277ಕ್ಕೆ ಏರುತ್ತದೆ, ಬೇಕಾದ ಸಿಗ್ನಲ್ 3.5 ಮೈಕ್ರೊಆಂಪಿಯರ್. ಫೇಲ್. ಅದೇ ಬೆಳಕು, ಅದೇ ರೆಸಿಸ್ಟರ್, ಅದೇ ಟ್ರಾನ್ಸಿಸ್ಟರ್. ಇಷ್ಟು ಹೆಚ್ಚುವರಿ ಕೆಪ್ಯಾಸಿಟನ್ಸ್ ಸೇರಲು ಸರ್ಕ್ಯೂಟ್ ಬೋರ್ಡಿನ ಮೇಲೆ ಅರ್ಧ ಸೆಂಟಿಮೀಟರ್ ತಾಮ್ರದ ಗೆರೆ ಎಳೆದರೂ ಸಾಕು.

ಅದಕ್ಕೆಂದೇ ಫೋಟೋಡಯೋಡನ್ನೂ ಟಿಐಎಯನ್ನೂ ಬೋರ್ಡಿನ ಮೇಲೆ ಬೇರೆಬೇರೆಯಾಗಿ ಇಡುವುದಿಲ್ಲ. ಮನೆಯ ಡಬ್ಬಿ ಬಿಚ್ಚಿ ನೋಡಿದರೆ ಹಸಿರು ಕನೆಕ್ಟರ್ ಸಿಕ್ಕಿಸುವ ಜಾಗದ ಹಿಂದೆ ಒಂದು ಪುಟ್ಟ ಲೋಹದ ಜೋಡಣೆ ಕಾಣುತ್ತದೆ. ಅದಕ್ಕೆ ಅಂಟಿಕೊಂಡಂತೆ ಸುಮಾರು 5 ಮಿಲಿಮೀಟರ್ ಅಗಲದ, ಕೆಳಗೆ ನಾಲ್ಕೈದು ಕಾಲಿರುವ ದುಂಡನೆಯ ಲೋಹದ ಮುಚ್ಚಳ. ಡಯೋಡಿನ ಹರಳೂ ಟಿಐಎಯ ಚಿಪ್ಪೂ ಅದರೊಳಗೆ ಅಕ್ಕಪಕ್ಕ ಕೂತಿರುತ್ತವೆ. ನಡುವೆ ಕೂದಲಿಗಿಂತ ತೆಳುವಾದ, ಒಂದು ಮಿಲಿಮೀಟರಿನಷ್ಟೂ ಉದ್ದವಿಲ್ಲದ ತಂತಿ.

ಅಷ್ಟು ಮಾಡಿದರೂ ಆಂಪ್ಲಿಫೈಯರಿನ 153 ಬೆಳಕಿನದೇ ಗದ್ದಲವಾದ 32ರ ಐದು ಪಟ್ಟು. ಈ ಅಂತರ ತಗ್ಗಿಸಲು ಅವಲಾಂಚ್ ಫೋಟೋಡಯೋಡ್ ಬಳಸುವುದುಂಟು. ಅದರಲ್ಲಿ ಹತ್ತಾರು ವೋಲ್ಟ್ ಹಾಕಿದಾಗ ಒಂದು ಎಲೆಕ್ಟ್ರಾನ್ ಡಯೋಡಿನೊಳಗೇ ಐದೋ ಹತ್ತೋ ಆಗುತ್ತದೆ. ಟಿಐಎಯ ಗದ್ದಲ ಸೇರುವ ಮೊದಲೇ ಸಿಗ್ನಲ್ ದೊಡ್ಡದಾಗಿರುತ್ತದೆ. ಆದರೆ ಒಂದು ಎಲೆಕ್ಟ್ರಾನಿಗೆ ಐದಾದರೆ ಇನ್ನೊಂದಕ್ಕೆ ಹದಿನೈದಾಗಬಹುದು. ಆ ಅಂದಾಜಿಲ್ಲದ ಹುಟ್ಟುವಳಿಯೂ ಹೊಸ ಗದ್ದಲವೇ. ಹಾಗಾಗಿ ಗುಣಿಸುವುದಕ್ಕೂ ಒಂದು ಹದ ಇದೆ.

ಅವಲಾಂಚ್ ಡಯೋಡಿನ ಬಳಕೆ ಫೈಬರಿಗಷ್ಟೇ ಸೀಮಿತವಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಆರ್ಯಭಟ ಉಪಗ್ರಹ ತಯಾರಾದ ಜಾಗದಲ್ಲಿ ಇಸ್ರೊದ ಎಲೆಕ್ಟ್ರೊ-ಆಪ್ಟಿಕ್ಸ್ ಪ್ರಯೋಗಾಲಯ, ಲಿಯೋಸ್ ಇದೆ. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರ ಲೇಸರ್ ಎತ್ತರಮಾಪಕ ಅಲ್ಲಿ ರೂಪುಗೊಂಡದ್ದು. 100 ಕಿಲೋಮೀಟರ್ ಎತ್ತರದಿಂದ ಸೆಕೆಂಡಿಗೆ ಹತ್ತು ಸಲ, ಪ್ರತಿ ಸಲ 10 ಮಿಲಿಜೂಲ್ ಲೇಸರ್ ಬೆಳಕನ್ನು ಚಂದ್ರನ ನೆಲಕ್ಕೆ ಹೊಡೆದು, ಮರಳಿ ಬಂದದ್ದನ್ನು ಅವಲಾಂಚ್ ಡಯೋಡಿನಲ್ಲಿ ಹಿಡಿಯುವ ಉಪಕರಣ ಅದು. ಒಂದು ಹೊಡೆತದಲ್ಲಿ ಹೊರಡುವುದು 500ಕ್ಕೂ ಹೆಚ್ಚು ಕೋಟಿ ಕೋಟಿ ಫೋಟಾನ್. ನೆಲದಿಂದ ಎಲ್ಲ ದಿಕ್ಕಿಗೂ ಚದುರಿದ ಮೇಲೆ ದೂರದರ್ಶಕಕ್ಕೆ ಮರಳುವುದು ಅಂದಾಜು ಕೆಲವೇ ಸಾವಿರ. ಮೋಮಿನಪುರದ ಡಬ್ಬಿ ಮೈನಸ್ 27ರಲ್ಲಿ ಒಂದು ಬಿಟ್ಟಿಗೆ ಎಣಿಸುವುದೂ ಹೆಚ್ಚುಕಡಿಮೆ ಅಷ್ಟನ್ನೇ. ವ್ಯತ್ಯಾಸ ಇಷ್ಟೇ, ಚಂದ್ರಯಾನ ಅದನ್ನು ಸೆಕೆಂಡಿಗೆ ಹತ್ತು ಸಲ ಮಾಡಿದರೆ ಡಬ್ಬಿ 248.8 ಕೋಟಿ ಸಲ ಮಾಡುತ್ತದೆ.

ಇಳಿಜಾರಲ್ಲ, ಕಡಿದಾದ ಅಂಚು

ಮೈನಸ್ 27ರವರೆಗೆ ಏನೂ ಆಗದೆ ಆಮೇಲೆ ಒಮ್ಮೆಲೇ ಕೆಡುವುದೇಕೆ ಎಂಬುದಕ್ಕೂ ಉತ್ತರ ಈ ಗದ್ದಲದ ಸ್ವಭಾವದಲ್ಲೇ ಇದೆ. ಗದ್ದಲ ಸಾಮಾನ್ಯವಾಗಿ ತನ್ನ ಸರಾಸರಿಯ ಆಸುಪಾಸು ಇರುತ್ತದೆ. ಅದರ ಆರು ಪಟ್ಟು ಜಿಗಿಯುವುದು ಅತಿ ಅಪರೂಪ, ಮೂರು ಪಟ್ಟು ಜಿಗಿಯುವುದು ಅಷ್ಟೇನೂ ಅಪರೂಪವಲ್ಲ.

ಸಾವಿರ ಕೋಟಿಗೆ ಒಂದು ತಪ್ಪು ಎಂದರೆ ಜಿಪಾನ್ ವೇಗದಲ್ಲಿ ನಾಲ್ಕು ಸೆಕೆಂಡಿಗೊಂದು ತಪ್ಪು. ಯಾರ ಗಮನಕ್ಕೂ ಬಾರದು. ಅಲ್ಲಿಂದ ಬೆಳಕು ಒಂದೇ ಡಿಬಿ ಇಳಿದರೆ ಸೆಕೆಂಡಿಗೆ 500ಕ್ಕೂ ಹೆಚ್ಚು ತಪ್ಪು. ಮೂರು ಡಿಬಿ ಇಳಿದು ಅರ್ಧವಾದರೆ ಸೆಕೆಂಡಿಗೆ 15 ಲಕ್ಷಕ್ಕೂ ಹೆಚ್ಚು. ತಪ್ಪು ತಿದ್ದುವ ವ್ಯವಸ್ಥೆ ಚಾಲೂ ಇದ್ದರೆ ಒಂದಿಷ್ಟು ದೂರ ತಳ್ಳಬಹುದು, ಆಮೇಲೆ ಅದೂ ಸೋಲುತ್ತದೆ. ಡಬ್ಬಿಯಿಂದ ಡಬ್ಬಿಗೆ ಈ ಅಂಚು ತುಸು ಅತ್ತಿತ್ತ ಇರಬಹುದು. ಮೈನಸ್ 27 ಎಂಬುದು ಎಲ್ಲ ಡಬ್ಬಿಗಳೂ ಕೆಲಸ ಮಾಡಲೇಬೇಕಾದ ಗಡಿಯೆಂದು ಮಾನದಂಡದ ಬಿ ಪ್ಲಸ್ ದರ್ಜೆ ನಿಗದಿ ಮಾಡಿದ್ದು.

ಅಗ್ಗದ ಪ್ಲಾನಿಗೆ ಇಳಿದರೆ ಡಬ್ಬಿಗೆ ಹೊರೆ ಕಡಿಮೆಯಾದೀತೆಂಬ ನಂಬಿಕೆಯೂ ಕೆಲವರಲ್ಲಿದೆ. ಆಗುವುದಿಲ್ಲ. ಜಿಪಾನಿನಲ್ಲಿ 32 ಮನೆಗಳ ಮಾಹಿತಿಯೂ ಎಲ್ಲ 32 ಮನೆಗಳಿಗೆ ಬರುತ್ತದೆ. ಪ್ರತಿ ಡಬ್ಬಿ ಎಲ್ಲವನ್ನೂ ಪೂರ್ತಿ ವೇಗದಲ್ಲಿ ಓದಿ ತನ್ನದನ್ನಷ್ಟೇ ಇಟ್ಟುಕೊಳ್ಳುತ್ತದೆ, ಉಳಿದದ್ದು ಗೂಢಲಿಪಿಯಲ್ಲಿರುವುದರಿಂದ ಅದಕ್ಕೆ ಅರ್ಥವಾಗದು. ನಿಮ್ಮದು 40 ಎಂಬಿಪಿಎಸ್ ಪ್ಲಾನಾದರೂ ಟಿಐಎ 175 ಕೋಟಿ ಹರ್ಟ್ಸ್ ಅಗಲದ ಗದ್ದಲವನ್ನೇ ಎದುರಿಸಬೇಕು.

ಬಿಸಿಲಿನ ತಪ್ಪೆಷ್ಟು?

ಚಾಚಾ ಕೇಳಿದ ಪ್ರಶ್ನೆ ಸರಿಯಾದದ್ದೇ. ರೆಸಿಸ್ಟರಿನ ಗದ್ದಲ ಶಾಖದಿಂದ ಹುಟ್ಟುವುದಾದರೆ ಕಲಬುರಗಿಯ ಮೇ ತಿಂಗಳಲ್ಲಿ ಅದು ಹೆಚ್ಚಬೇಕಲ್ಲ? ಹೆಚ್ಚುತ್ತದೆ, ಆದರೆ ಅದು ಏರುವುದು ಕೆಲ್ವಿನ್ ತಾಪಮಾನದ ವರ್ಗಮೂಲದಷ್ಟು. 27 ಡಿಗ್ರಿ ಸೆಲ್ಸಿಯಸ್ ಎಂದರೆ 300 ಕೆಲ್ವಿನ್, 45 ಡಿಗ್ರಿ ಎಂದರೆ 318. ವರ್ಗಮೂಲ ತೆಗೆದರೆ ಏರಿಕೆ ಬರೀ ಶೇ 3. ತಗಡಿನ ಚಾವಣಿಯ ಕೆಳಗೆ ಡಬ್ಬಿಯ ಒಳಭಾಗ 77 ಡಿಗ್ರಿಗೆ ಕಾದರೂ ಶೇ 8.

ಹಾಗೆಂದು ಬಿಸಿಲನ್ನು ಪೂರ್ತಿ ಬಿಡುಗಡೆ ಮಾಡುವಂತಿಲ್ಲ. ಕತ್ತಲಲ್ಲೂ ಫೋಟೋಡಯೋಡಿನಲ್ಲಿ ಸೋರುವ ಕರೆಂಟು ಸ್ಥೂಲವಾಗಿ ಪ್ರತಿ 10 ಡಿಗ್ರಿಗೆ ಇಮ್ಮಡಿಯಾಗುತ್ತದೆ. ಅವಲಾಂಚ್ ಡಯೋಡಿನ ಗುಣಕ ಬದಲಾಗುತ್ತದೆ, ಡಬ್ಬಿ ವೋಲ್ಟೇಜು ಹೊಂದಿಸಿಕೊಳ್ಳುತ್ತಲೇ ಇರಬೇಕು. ಡಬ್ಬಿ ಕಂಪನಿಯ ಕಡೆಗೆ ಬೆಳಕು ಕಳಿಸುವ ಲೇಸರಿನ ಬಲ ಕುಗ್ಗಲು ನೋಡುತ್ತದೆ. ಆದರೆ ಮೀಟರಿನಲ್ಲೇ ಮೈನಸ್ 29 ತೋರಿಸುತ್ತಿದೆಯೆಂದರೆ ಡಬ್ಬಿಯ ತಪ್ಪಂತೂ ಅಲ್ಲ. ಮೀಟರ್ ಅಳೆದದ್ದು ಡಬ್ಬಿಗೆ ಬರುವ ಮೊದಲಿನ ಬೆಳಕನ್ನು.

ಆಗ ಹುಡುಕಬೇಕಾದ್ದು ದಾರಿಯಲ್ಲಿ. ಫೈಬರಿನ ನಡುವೆ ಬೆಳಕು ಸಾಗುವ ತಿರುಳಿನ ಅಗಲ 9 ಮೈಕ್ರೊಮೀಟರ್, ಕೂದಲಿಗಿಂತ ಎಷ್ಟೋ ತೆಳು. ಕನೆಕ್ಟರ್ ಬಿಚ್ಚಿ ಬೆರಳಲ್ಲಿ ಒರೆಸಿದರೆ, ಅಂಗಿಗೆ ಉಜ್ಜಿದರೆ, ಒಂದು ಧೂಳಿನ ಕಣ ಅದರ ಬಾಯಿ ಮುಚ್ಚಲು ಸಾಕು. ಮೊಳೆಗೆ ಬಿಗಿಯಾಗಿ ಸುತ್ತಿದ ಎಳೆ, ಬಾಗಿಲ ಸಂದಿಯಲ್ಲಿ ಮಡಚಿದ ಎಳೆ ಬೆಳಕನ್ನು ತಿರುವಿನಲ್ಲೇ ಹೊರಚೆಲ್ಲುತ್ತದೆ. ಸಂಪರ್ಕ ಕೊಟ್ಟ ದಿನ ಮೀಟರಿನ ಅಂಕಿ ಕೇಳಿ ಡಬ್ಬಿಯ ಬೆನ್ನಿಗೆ ಬರೆದಿಟ್ಟುಕೊಂಡರೆ, ಮುಂದೆ ಎಷ್ಟು ಕುಸಿಯಿತೆಂದು ಹೇಳಿ ದುರಸ್ತಿಗೆ ಒತ್ತಾಯಿಸಲು ಒಂದು ಆಧಾರ ಸಿಗುತ್ತದೆ.

ಹತ್ತು ಗಿಗಾಬಿಟ್ ಬಂದಾಗ

ಜಿಪಾನಿನ ಮುಂದಿನ ತಲೆಮಾರು ಸೆಕೆಂಡಿಗೆ ಸುಮಾರು 1000 ಕೋಟಿ ಬಿಟ್‌ನದು. ವೇಗ ನಾಲ್ಕು ಪಟ್ಟು. ಅಷ್ಟೇ ಬೆಳಕಿದ್ದರೆ ಒಂದು ಬಿಟ್ಟಿನ ಪಾಲಿನ ಫೋಟಾನ್ ಕಾಲು ಭಾಗಕ್ಕೆ ಇಳಿಯುತ್ತದೆ. ರೆಸಿಸ್ಟರಿನ ಗದ್ದಲ ಎರಡು ಪಟ್ಟಾಗುತ್ತದೆ. ಕೆಪ್ಯಾಸಿಟನ್ಸಿನ ಗದ್ದಲ, ಅದು ಆವರ್ತನದೊಂದಿಗೆ ಏರುವಂಥದ್ದಾದ್ದರಿಂದ, ಎಂಟು ಪಟ್ಟು. ಅದೇ ಸರ್ಕ್ಯೂಟನ್ನು ಜೋರಾಗಿ ಓಡಿಸಿ ಈ ವೇಗ ಮುಟ್ಟಲಾಗದು. ಹರಳು ಕಿರಿದಾಗಬೇಕು, ಟ್ರಾನ್ಸಿಸ್ಟರ್ ಚುರುಕಾಗಬೇಕು.

ಅಷ್ಟಾದರೂ ಸಾಲದೆಂದು ಅಲ್ಲಿ ಗುರಿಯನ್ನೇ ಬದಲಿಸಿದ್ದಾರೆ. ಸಾವಿರ ಕೋಟಿಗೆ ಒಂದು ತಪ್ಪು ಎಂಬ ಹಟ ಬಿಟ್ಟು, ಸಾವಿರ ಬಿಟ್ಟಿಗೆ ಒಂದು ತಪ್ಪಾದರೂ ಇರಲಿ, ಆಮೇಲೆ ಗಣಿತದಿಂದ ತಿದ್ದಿಕೊಳ್ಳೋಣ ಎಂದು ಒಪ್ಪಿಕೊಂಡಿದ್ದಾರೆ. ಕಳಿಸುವಾಗಲೇ ಪ್ರತಿ ಕಂತಿನ ಜೊತೆ ತಾಳೆ ನೋಡಲು ಹೆಚ್ಚುವರಿ ಬಿಟ್ಟುಗಳನ್ನು ಸೇರಿಸುತ್ತಾರೆ. ಡಬ್ಬಿ ಅವುಗಳಿಂದ ತಪ್ಪು ಪತ್ತೆ ಮಾಡಿ ಸರಿಪಡಿಸುತ್ತದೆ. ಆ ಹೆಚ್ಚುವರಿ ಬಿಟ್ಟುಗಳ ಪಾಲು ಗ್ರಾಹಕನಿಗೆ ಸಿಗಬೇಕಾದ ವೇಗದಿಂದಲೇ ಕಡಿತವಾಗುತ್ತದೆ. ಜಾಹೀರಾತಿನಲ್ಲಿ ಹತ್ತು ಎಂದಿರುವುದು ಮನೆ ಮುಟ್ಟುವಾಗ ಒಂಬತ್ತರ ಕೆಳಗಿಳಿಯುವುದರಲ್ಲಿ ಕಂಪನಿಯ ಜಿಪುಣತನದಷ್ಟೇ ಆ ಪುಟ್ಟ ಮುಚ್ಚಳದೊಳಗಿನ ಗದ್ದಲದ ಪಾಲೂ ಇದೆ.